ದಾರಿ ಖರ್ಚಿನ ಲೆಕ್ಕ



ದೀಪಾವಳಿಯ ಮುಂಚೆ ಅಟ್ಟ ಸ್ವಚ್ಛ ಮಾಡಿಸುವಾಗ ನಮ್ಮ ತೀರ್ಥರೂಪರ ಕಾಲದ ಕಿರ್ದಿ-ಖಾತೆಗಳ ಗಂಟೊಂದು ಕೈಗೆ ಬಂತು. ಕೆಂಪು ಬಟ್ಟೆಯ ರಟ್ಟಿನ ಉದ್ದುದ್ದ ವಹಿಗಳು. ಕೆಲವಕ್ಕೆ ಗೆದ್ದಲು ಹಿಡಿದಿದೆ, ಉಳಿದವು ಚೆನ್ನಾಗಿಯೇ ಇವೆ. ನಮ್ಮದು ಮಹಾರಾಷ್ಟ್ರದ ಕಡೆಯ ಗಡಿ ಊರಿನ ಅಡತಿ ಅಂಗಡಿ. ತೊಗರಿಬೇಳೆ, ಕಡಲೆಬೇಳೆ ಲಾರಿಗೆ ತುಂಬಿಸಿ ಕರ್ನಾಟಕದ ಪೇಟೆಗಳಿಗೆ ಕಳಿಸುವುದು ನಮ್ಮ ವ್ಯಾಪಾರವಾಗಿತ್ತು. ಲಾರಿ ಹೋದ ದಿನಗಳ ಪುಟದಲ್ಲಿ ಡೀಸೆಲ್ಲು, ಡ್ರೈವರನ ಭತ್ಯೆ, ಹಮಾಲಿ, ಇವುಗಳ ಕೆಳಗೆ ಪ್ರತಿಸಲವೂ ಒಂದು ಸಾಲು ಇದೆ: “ದಾರಿ ಖರ್ಚು”. ಅದರ ಮುಂದೆ ರೂಪಾಯಿಯ ಅಂಕಿ. ಯಾರಿಗೆ ಕೊಟ್ಟದ್ದು, ಯಾತಕ್ಕೆ ಕೊಟ್ಟದ್ದು ಎಂಬುದಿಲ್ಲ.

ನಾಲ್ಕಾಣೆ ತಾಳೆ ಬೀಳದಿದ್ದರೆ ಹೊತ್ತು ಮುಳುಗುವ ಮುಂಚಿನ ಊಟವನ್ನೂ ಬಿಟ್ಟು ಲೆಕ್ಕದ ಮುಂದೆ ಕುಳಿತಿರುತ್ತಿದ್ದ ಮನುಷ್ಯ ಅವರು. ಅಂಥವರ ವಹಿಯಲ್ಲಿ ಇಂಥದೊಂದು ಕುರುಡು ಸಾಲು ಹೇಗೆ ಬಂತು? ನನಗೆ ಗೊತ್ತಿಲ್ಲದ ಸಂಗತಿಯೇನೂ ಅಲ್ಲ. ಹೈಸ್ಕೂಲಿನ ರಜೆಯಲ್ಲಿ ನಾನೇ ಎರಡು ಸಲ ಆ ಲಾರಿಯಲ್ಲಿ ಹೋಗಿದ್ದೆ. ಡ್ರೈವರನು ಹೊರಡುವ ಮುಂಚೆಯೇ ನೋಟುಗಳನ್ನು ಸಣ್ಣಗೆ ಮಡಿಚಿ, ಕಾಗದಪತ್ರದ ಚೀಲದ ಬೇರೆ ಬೇರೆ ಕಿಸೆಗಳಲ್ಲಿ ಇಟ್ಟುಕೊಳ್ಳುತ್ತಿದ್ದ. ಜಕಾತಿ ನಾಕಾ ಒಂದು, ಈ ರಾಜ್ಯದ ತಪಾಸಣಾ ಠಾಣೆ ಒಂದು, ಆ ರಾಜ್ಯದ್ದು ಇನ್ನೊಂದು, ಮಧ್ಯೆ ದಂಡ ಹಿಡಿದು ನಿಂತವರು ಬೇರೆ. ಕಾಗದ ಸರಿ ಇದ್ದರೂ ಕೊಡಬೇಕು, ಸರಿ ಇಲ್ಲದಿದ್ದರೆ ಹೆಚ್ಚು ಕೊಡಬೇಕು. ನಾನು ತಂದೆಯವರನ್ನು ಕೇಳಿದಾಗ, “ಅದು ದಾರಿದು, ನಮ್ದಲ್ಲ” ಎಂದಷ್ಟೇ ಹೇಳಿ ಮಾತು ಮುಗಿಸಿದ್ದರು.

ಇದನ್ನು ಈಗ ನೆನೆಸಿಕೊಳ್ಳಲು ಕಾರಣ ನನ್ನ ಅಣ್ಣನ ಮಗ. ಅಣ್ಣ ತೀರಿಕೊಂಡು ವರ್ಷವಾಗುತ್ತ ಬಂತು. ಹೊಲದ ಸಾತ್‌ಬಾರಾ ಉತಾರೆಯಲ್ಲಿ ವೈನಿಯವರ ಹೆಸರು, ಮಕ್ಕಳ ಹೆಸರು ವಾರಸಾ ಏರಬೇಕು. ಅದು ಏರದೆ ಸೊಸೈಟಿಯಲ್ಲಿ ಬೆಳೆಸಾಲ ಸಿಗುವುದಿಲ್ಲ. ಹುಡುಗ ಎಲ್ಲ ಕಾಗದ ಜೋಡಿಸಿಕೊಂಡು ಹೋದ. ಕಚೇರಿಯ ಹೆಸರು ಬೇಡ. ಒಳಗಿನವರು ಏನೂ ಕೇಳಲಿಲ್ಲ. ಹೊರಗೆ ಚಹಾದ ಅಂಗಡಿಯಲ್ಲಿ ಕುಳಿತವನೊಬ್ಬ ಒಂದು ಮೊತ್ತ ಹೇಳಿದ. ಹುಡುಗ ನನ್ನ ಹತ್ತಿರ ಬಂದ.

“ಕಾಕಾ, ಕೊಟ್ರ ಎಂಟ ದಿನದಾಗ ಆಗ್ತದಂತ. ಇಲ್ಲಂದ್ರ ಯಾವಾಗ ಆಗ್ತದೋ ಹೇಳಾಕ ಬರೂದಿಲ್ಲಂತ. ಕೊಡ್ಲೋ ಬ್ಯಾಡೋ?”

ಈ ಪತ್ರಿಕೆಯಲ್ಲಿ ತಿಂಗಳಿಗೊಮ್ಮೆ ವ್ಯವಹಾರದ ಬಗ್ಗೆ ಬರೆಯುವ ನನಗೆ ಆ ಕ್ಷಣ ಉತ್ತರ ಹೊಳೆಯಲಿಲ್ಲ. “ಬೇಡ” ಎನ್ನುವುದು ಸುಲಭ. ಆದರೆ ಬಿತ್ತನೆ ನನ್ನ ಹೊಲದ್ದಲ್ಲ. “ನಾಲ್ಕು ದಿನ ಬಿಟ್ಟು ಬಾ” ಎಂದು ಹೇಳಿ ಕಳಿಸಿ, ಈ ವಿಷಯದಲ್ಲಿ ಅರ್ಥಶಾಸ್ತ್ರದವರು ಮಾಡಿರುವ ಶೋಧನೆಗಳನ್ನು ಓದುತ್ತ ಕುಳಿತೆ. ಲಂಚದ ವಿಷಯದಲ್ಲಿ ಬೈಗುಳ ಕೇಳಿದ್ದೇವೆ, ಉಪದೇಶವನ್ನೂ ಕೇಳಿದ್ದೇವೆ. ತಕ್ಕಡಿ ಹಿಡಿದು ಅಳೆದವರು ಕಡಿಮೆ. ಕಳೆದ ಇಪ್ಪತ್ತು ಇಪ್ಪತ್ತೈದು ವರ್ಷಗಳಲ್ಲಿ ಅಳೆಯುವವರು ಹುಟ್ಟಿಕೊಂಡಿದ್ದಾರೆ. ಅವರು ಕಂಡದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಲಾರಿಯ ಮಾತೇ ಆಗಲಿ. ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಉತ್ತರ ತುದಿಗೆ ಆಚೆ ಎಂಬ ಪ್ರಾಂತವಿದೆ. (ಗಡಿಯ ಆಚೆ-ಈಚೆಯಲ್ಲೇ ಆಯುಷ್ಯ ಕಳೆದ ನಮಗೆ ಈ ಹೆಸರು ಕೇಳಿ ನಗು ಬಂದರೆ ತಪ್ಪಿಲ್ಲ.) ಅಲ್ಲಿ ಸರಕಾರಕ್ಕೂ ಬಂಡುಕೋರರಿಗೂ ಸುಮಾರು ಮೂವತ್ತು ವರ್ಷ ಕಾದಾಟ ನಡೆದಿತ್ತು. ರಸ್ತೆಯ ಉದ್ದಕ್ಕೂ ಸೈನಿಕರ, ಪೊಲೀಸರ ಠಾಣೆಗಳು. ಪ್ರತಿ ಠಾಣೆಯಲ್ಲೂ ಲಾರಿ ನಿಂತು ಏನಾದರೂ ಕೊಟ್ಟು ಮುಂದೆ ಹೋಗಬೇಕು. ೨೦೦೪ರ ಡಿಸೆಂಬರಿನ ಸುನಾಮಿಯ ನಂತರ, ೨೦೦೫ರ ಆಗಸ್ಟ್‌ನಲ್ಲಿ ಶಾಂತಿ ಒಪ್ಪಂದವಾಯಿತು. ಮೂವತ್ತು ಸಾವಿರಕ್ಕೂ ಮಿಕ್ಕಿ ಸೈನಿಕರು ಮತ್ತು ಪೊಲೀಸರು ಹಂತಹಂತವಾಗಿ ಅಲ್ಲಿಂದ ಹೊರಟರು. ಬೆಂಜಮಿನ್ ಓಲ್ಕೆನ್ ಮತ್ತು ಪ್ಯಾಟ್ರಿಕ್ ಬ್ಯಾರನ್ ಎಂಬ ಇಬ್ಬರು ಸಂಶೋಧಕರು ಈ ಸಂದರ್ಭವನ್ನು ಬಿಡಲಿಲ್ಲ. ೨೦೦೫ರ ನವೆಂಬರಿನಿಂದ ೨೦೦೬ರ ಜುಲೈವರೆಗೆ ತಮ್ಮ ಜನರನ್ನು ಲಾರಿಗಳಲ್ಲಿ ಡ್ರೈವರನ ಪಕ್ಕ ಕೂಡಿಸಿ ಕಳಿಸಿದರು. ೩೦೪ ಪ್ರಯಾಣ. ಯಾವ ಠಾಣೆಯಲ್ಲಿ ಎಷ್ಟು ಕೊಟ್ಟರು, ಎಷ್ಟು ಜನ ನಿಂತಿದ್ದರು, ಕೈಯಲ್ಲಿ ಬಂದೂಕು ಇತ್ತೇ ಇಲ್ಲವೇ ಎಲ್ಲವನ್ನೂ ಬರೆದುಕೊಂಡರು. ಆರು ಸಾವಿರಕ್ಕೂ ಹೆಚ್ಚು ಪಾವತಿಗಳ ಲೆಕ್ಕ ಸಿಕ್ಕಿತು. ಅಂದರೆ ಒಂದು ಪ್ರಯಾಣಕ್ಕೆ ಸರಾಸರಿ ಇಪ್ಪತ್ತು ಸಲ ಕೈ ಚಾಚಿದರು ಎಂದಾಯಿತು. ಒಂದೊಂದು ಕಡೆ ಕೊಟ್ಟದ್ದು ಸಣ್ಣ ಮೊತ್ತ, ಕೆಲವೊಮ್ಮೆ ಬರೀ ಸಿಗರೇಟು. ಆದರೆ ಎಲ್ಲ ಕೂಡಿದರೆ ಆ ಪ್ರಯಾಣದ ಖರ್ಚಿನಲ್ಲಿ ನೂರಕ್ಕೆ ೧೩ರಷ್ಟು. ಡ್ರೈವರನ ಸಂಬಳಕ್ಕಿಂತ ಇದು ಹೆಚ್ಚು!

ನಮ್ಮ ತಂದೆಯವರ “ದಾರಿ ಖರ್ಚು” ಸಾಲಿಗೆ ಪ್ರಪಂಚದಲ್ಲಿ ಮೊದಲ ಬಾರಿಗೆ ಯಾರೋ ತಪಶೀಲು ಬರೆದರು ಎಂದು ಓದುವಾಗ ನನಗೆ ಅನಿಸಿತು.

ಈಗ ಮುಖ್ಯ ಸಂಗತಿ. ಆ ಲಾರಿಗಳು ಆಚೆ ಪ್ರಾಂತ ದಾಟಿ ಪಕ್ಕದ ಉತ್ತರ ಸುಮಾತ್ರಾ ಪ್ರಾಂತಕ್ಕೆ ಹೋಗಬೇಕು. ಸೈನ್ಯ ಹಿಂದೆ ಸರಿದಂತೆ ಆಚೆಯೊಳಗಿನ ಠಾಣೆಗಳು ಒಂದೊಂದಾಗಿ ಖಾಲಿಯಾದವು. ಪಕ್ಕದ ಪ್ರಾಂತದ ಠಾಣೆಗಳು ಹಾಗೆಯೇ ಉಳಿದವು. ಅಲ್ಲಿ ಏನಾಗಬೇಕಿತ್ತು? ಏನೂ ಆಗಬಾರದಿತ್ತು, ಅವರ ರಸ್ತೆ ಅವರದು. ಆದರೆ ಅವರು ದರ ಏರಿಸಿದರು. ಹಿಂದಿನ ಠಾಣೆಗಳಲ್ಲಿ ಡ್ರೈವರನಿಗೆ ಹಣ ಉಳಿದಿದೆ ಎಂಬುದು ಅವರಿಗೆ ಗೊತ್ತಿತ್ತು. ಒಟ್ಟು ಲಂಚ ಕಡಿಮೆಯಾದದ್ದು ನಿಜ, ಆದರೆ ಠಾಣೆಗಳು ಕಡಿಮೆಯಾದಷ್ಟು ಆಗಲಿಲ್ಲ. ಉಳಿದವರು ಒಂದು ಪಾಲನ್ನು ತಿಂದುಬಿಟ್ಟರು. ಇನ್ನೂ ಒಂದು ವಿಚಿತ್ರ ಕಂಡುಬಂತು. ಲಾರಿ ಊರು ಮುಟ್ಟಲು ಹತ್ತಿರವಾದಂತೆ ಕೇಳುವ ಮೊತ್ತ ಏರುತ್ತಿತ್ತು. ಅಷ್ಟು ದೂರ ಬಂದವನು ಹಿಂದಿರುಗಿ ಹೋಗಲಾರ ಎಂಬ ಧೈರ್ಯ.

ಆಂಡ್ರೇ ಶ್ಲೈಫರ್ ಮತ್ತು ರಾಬರ್ಟ್ ವಿಶ್ನಿ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ೧೯೯೩ರಲ್ಲಿಯೇ ಇದರ ತತ್ತ್ವವನ್ನು ಹೇಳಿದ್ದರು. ಒಂದು ದಾರಿಯ ಹತ್ತು ಗೇಟುಗಳೂ ಒಬ್ಬನ ಕೈಯಲ್ಲಿದ್ದರೆ ಆತ ವಿಚಾರ ಮಾಡುತ್ತಾನೆ: ಬಹಳ ಕೇಳಿದರೆ ಲಾರಿಯವರು ಈ ದಾರಿಯನ್ನೇ ಬಿಟ್ಟಾರು, ತನ್ನ ಒಂಬತ್ತು ಗೇಟುಗಳಿಗೂ ನಷ್ಟವಾದೀತು. ಹತ್ತು ಗೇಟಿಗೆ ಹತ್ತು ಒಡೆಯರಾದರೆ ಪ್ರತಿಯೊಬ್ಬನೂ ತನ್ನದನ್ನಷ್ಟೇ ನೋಡುತ್ತಾನೆ. ವ್ಯಾಪಾರ ಕೆಟ್ಟರೆ ಆ ನಷ್ಟದ ಬಹುಭಾಗ ಉಳಿದ ಒಂಬತ್ತು ಮಂದಿಯದು. ಆದ್ದರಿಂದ ಹತ್ತು ಸಣ್ಣ ಕಳ್ಳರು ಸೇರಿದರೆ ಒಬ್ಬ ದೊಡ್ಡ ಕಳ್ಳನಿಗಿಂತ ಹೆಚ್ಚು ಹಾನಿ. ಸೋವಿಯತ್ ಪಕ್ಷದ ಆಡಳಿತ ಬಿದ್ದ ಮೇಲಿನ ರಷ್ಯಾದ ಉದಾಹರಣೆಯನ್ನು ಅವರು ಕೊಟ್ಟಿದ್ದರು. ಎರಡು ರಾಜ್ಯಗಳ ಠಾಣೆಗಳ ನಡುವೆ ಬದುಕಿದ ನಮಗೆ ರಷ್ಯಾದ ತನಕ ಹೋಗುವ ಅಗತ್ಯವಿಲ್ಲ. ತಲಪಾಡಿ, ಅತ್ತಿಬೆಲೆಗಳಲ್ಲಿ ಒಂದು ಕಾಲದ ಲಾರಿ ಸಾಲುಗಳನ್ನು ನೋಡಿದ ಕಾಸರಗೋಡಿನ ಮತ್ತು ಹೊಸೂರಿನ ಬಂಧುಗಳಿಗೆ ಇದು ತಟ್ಟನೆ ತಿಳಿದೀತು. ೨೦೧೭ರ ಜುಲೈ ೧ರಂದು ಜಿಎಸ್‌ಟಿ ಬಂದಾಗ ರಾಜ್ಯಗಳ ಮಾರಾಟ ತೆರಿಗೆಯ ಠಾಣೆಗಳು ಎದ್ದುಹೋದವು. ಜಿಎಸ್‌ಟಿಯ ಬಗ್ಗೆ ನನಗೆ ನೂರು ತಕರಾರುಗಳಿವೆ. ಇದೊಂದಕ್ಕೆ ಮಾತ್ರ ಕೈಮುಗಿಯುತ್ತೇನೆ.

“ಲಂಚ ಕೊಟ್ಟರೆ ಕೆಲಸವಾದರೂ ಬೇಗ ಆಗುತ್ತದಲ್ಲ, ಗಾಲಿಗೆ ಎಣ್ಣೆ ಬಿಟ್ಟಹಾಗೆ” ಎನ್ನುವವರು ನಮ್ಮಲ್ಲಿಯೂ ಇದ್ದಾರೆ. ಪಂಡಿತರಲ್ಲಿಯೂ ಇದ್ದರು. ನಥಾನಿಯಲ್ ಲೆಫ್ ಎಂಬುವರು ೧೯೬೪ರಲ್ಲಿ ಹೆಚ್ಚುಕಡಿಮೆ ಇದೇ ವಾದ ಹೂಡಿದ್ದರು. ಅದನ್ನು ದೆಹಲಿಯಲ್ಲಿ ಒರೆಗೆ ಹಚ್ಚಿದವರು ಮರಿಯಾನ್ ಬರ್ಟ್ರಾಂಡ್, ಸೆಂಧಿಲ್ ಮುಲ್ಲೈನಾಥನ್ ಮತ್ತು ಅವರ ಸಂಗಡಿಗರು. ಅವರ ವರದಿ ಬಂದದ್ದು ೨೦೦೭ರಲ್ಲಿ. ಡ್ರೈವಿಂಗ್ ಲೈಸೆನ್ಸ್ ಬೇಕಾದ ೮೨೨ ಜನರನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಬೇಗ ಲೈಸೆನ್ಸ್ ತಂದರೆ ಬಹುಮಾನ. ಇನ್ನೊಂದು ಗುಂಪಿಗೆ ಉಚಿತವಾಗಿ ಗಾಡಿ ಓಡಿಸಲು ಕಲಿಸಿದರು. ಮೂರನೆಯ ಗುಂಪನ್ನು ಹಾಗೇ ಬಿಟ್ಟರು. ಬಹುಮಾನದ ಗುಂಪಿನವರು ಸರಸರನೆ ಲೈಸೆನ್ಸ್ ತಂದರು. ಎಲ್ಲರನ್ನೂ ಬೇರೆಯಾಗಿ ಪರೀಕ್ಷೆ ಮಾಡಿದಾಗ, ಲೈಸೆನ್ಸ್ ಪಡೆದವರಲ್ಲಿ ನೂರಕ್ಕೆ ೬೨ ಜನರಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ. ನೂರಕ್ಕೆ ೭೧ ಜನ ಸರಕಾರಿ ಪರೀಕ್ಷೆಗೇ ಕುಳಿತಿರಲಿಲ್ಲ. ಎಲ್ಲ ಏಜೆಂಟರ ಕೃಪೆ. ಚೆನ್ನಾಗಿ ಕಲಿತು, ಏಜೆಂಟರಿಲ್ಲದೆ ನೇರವಾಗಿ ಹೋದವರನ್ನು ಅಧಿಕಾರಿಗಳು ಮನಬಂದಂತೆ ನಪಾಸು ಮಾಡಿದ್ದರು. ಓಡಿಸಲು ಬರುತ್ತದೋ ಇಲ್ಲವೋ ಎಂಬುದಕ್ಕೂ ಪಾಸು-ನಪಾಸಿಗೂ ಸಂಬಂಧವೇ ಇರಲಿಲ್ಲ. ನೇರ ದಾರಿಯಲ್ಲಿ ಮುಳ್ಳು ಹಾಕಿದರೆ ತಾನೇ ಜನ ಏಜೆಂಟನ ಬಾಗಿಲಿಗೆ ಹೋಗುವುದು?

ಇದನ್ನು ಓದಿದಾಗ ನನಗೆ ಚಹಾ ಅಂಗಡಿಯಲ್ಲಿ ಕುಳಿತವನ ಮುಖ ಕಣ್ಣಮುಂದೆ ಬಂತು. ತಡವಾಗುವುದು ಕೆಲಸದ ಭಾರದಿಂದ ಎಂದು ನಾವು ತಿಳಿದಿದ್ದೇವೆ. ತಡವೇ ಅವರ ಸರಕು.

ಹಾಗಾದರೆ ಇದನ್ನು ತಡೆಯುವ ಬಗೆ ಹೇಗೆ? ಮೇಲಿನವರ ತಪಾಸಣೆ ಒಳ್ಳೆಯದೋ, ಊರವರ ಕಣ್ಣು ಒಳ್ಳೆಯದೋ? ಈ ಪ್ರಶ್ನೆಗೆ ಸಿಕ್ಕ ಅತ್ಯಂತ ಸ್ವಾರಸ್ಯದ ಉತ್ತರವೂ ಅದೇ ಓಲ್ಕೆನ್ ಅವರದು, ಅದೇ ಇಂಡೋನೇಷ್ಯಾದ್ದು. ೨೦೦೩-೦೪ರಲ್ಲಿ ಜಾವಾ ದ್ವೀಪದ ೬೦೮ ಹಳ್ಳಿಗಳಲ್ಲಿ ಸರಕಾರಿ ಹಣದಿಂದ ಕಲ್ಲು-ಮರಳಿನ ರಸ್ತೆ ಆಗುತ್ತಿದ್ದವು. ರಸ್ತೆ ಮುಗಿದ ಮೇಲೆ ಇವರ ಇಂಜಿನಿಯರುಗಳು ಅಲ್ಲಲ್ಲಿ ಅಗೆದು, ಎಷ್ಟು ಕಲ್ಲು ಎಷ್ಟು ಮರಳು ನಿಜವಾಗಿ ಬಿದ್ದಿದೆ ಎಂದು ಅಳೆದರು. ಪೇಟೆಯ ದರ ವಿಚಾರಿಸಿದರು, ಕೂಲಿ ವಿಚಾರಿಸಿದರು. ಅಷ್ಟೇ ಅಲ್ಲ, ಮಳೆಗೆ, ತುಳಿತಕ್ಕೆ ಸಹಜವಾಗಿ ಎಷ್ಟು ಸವೆಯುತ್ತದೆ ಎಂದು ತಿಳಿಯಲು ಮೊದಲು ತಾವೇ ಮಾದರಿ ರಸ್ತೆ ಹಾಕಿಸಿ ನೋಡಿದ್ದರು. ಹೀನಾಧಿಕ ಮಾನೋನ್ಮಾನವನ್ನು ಅತಿಚಾರಗಳಲ್ಲಿ ಎಣಿಸಿದ ನಮ್ಮ ಹಿರಿಯರು ಈ ಅಳತೆಯನ್ನು ಮೆಚ್ಚಿಕೊಳ್ಳುತ್ತಿದ್ದರು.

ಸಾಮಾನ್ಯವಾಗಿ ಅಲ್ಲಿ ನೂರರಲ್ಲಿ ನಾಲ್ಕು ಹಳ್ಳಿಗೆ ಮಾತ್ರ ಸರಕಾರಿ ಆಡಿಟ್ ಬರುತ್ತಿತ್ತು. ಕೆಲವು ಹಳ್ಳಿಗಳಿಗೆ, ಕೆಲಸ ಆರಂಭವಾಗುವ ಮುಂಚೆಯೇ, “ನಿಮ್ಮಲ್ಲಿಗೆ ಆಡಿಟ್ ಬಂದೇ ಬರುತ್ತದೆ, ವರದಿಯನ್ನು ಊರ ಸಭೆಯಲ್ಲಿ ಓದುತ್ತೇವೆ” ಎಂದು ಹೇಳಿದರು. ಬೇರೆ ಕೆಲವು ಹಳ್ಳಿಗಳಲ್ಲಿ ನೂರಾರು ಆಮಂತ್ರಣ ಹಂಚಿ ಜನರನ್ನು ಸಭೆಗೆ ಕರೆದರು, ಹೆಸರಿಲ್ಲದೆ ದೂರು ಬರೆಯಲು ಕಾಗದ ಕೊಟ್ಟರು. ಆಡಿಟ್ ಖಚಿತವಿದ್ದ ಕಡೆ, ಕಾಗದದ ಲೆಕ್ಕಕ್ಕೂ ನೆಲದ ಮೇಲಿನ ಲೆಕ್ಕಕ್ಕೂ ಇದ್ದ ಅಂತರವು ಒಟ್ಟು ಖರ್ಚಿನ ನೂರಕ್ಕೆ ಎಂಟರಷ್ಟು ಇಳಿಯಿತು. ಜನರನ್ನು ಕರೆದ ಕಡೆ ಒಟ್ಟಿನಲ್ಲಿ ಹೇಳಿಕೊಳ್ಳುವಂಥ ಫಲ ಕಾಣಲಿಲ್ಲ. ಬಿಡಿಸಿ ನೋಡಿದರೆ, ಕೂಲಿಯಲ್ಲಿ ಕಳ್ಳತನ ಕಡಿಮೆಯಾಗಿತ್ತು, ಕಲ್ಲು-ಮರಳಿನಲ್ಲಿ ಆಗಿರಲಿಲ್ಲ. ಯಾಕೆ? ಕೂಲಿ ನನ್ನದು, ಕಡಿಮೆ ಬಂದರೆ ನಾನು ಎದ್ದು ಕೇಳುತ್ತೇನೆ. ಕಲ್ಲು ಎಲ್ಲರದು, ಆದ್ದರಿಂದ ಯಾರದೂ ಅಲ್ಲ. ನಮ್ಮ ಸಮಾಜದ ಸಭೆಗಳಲ್ಲಿ ಬಫೆಯ ಸಾಲಿನಲ್ಲಿ ಒಂದು ಹೋಳಿಗೆ ಕಡಿಮೆ ಬಿದ್ದರೆ ಗಲಾಟೆಯಾಗುತ್ತದೆ, ಜಮಾ-ಖರ್ಚಿನ ಪತ್ರಿಕೆ ಓದುವಾಗ ಅರ್ಧ ಸಭೆ ತೂಕಡಿಸುತ್ತಿರುತ್ತದೆ. ತಪ್ಪು ತಿಳಿಯಬೇಡಿರಿ, ತೂಕಡಿಸುವವರಲ್ಲಿ ನಾನೂ ಒಬ್ಬ.

ಆಡಿಟ್ ಇದ್ದ ಹಳ್ಳಿಗಳಲ್ಲಿ ಇನ್ನೊಂದು ಬದಲಾವಣೆಯೂ ಆಯಿತು. ಕಾಮಗಾರಿ ನಡೆಸುವವರು ತಮ್ಮ ನೆಂಟರಿಷ್ಟರನ್ನು ಕೆಲಸಕ್ಕೆ ಸೇರಿಸಿಕೊಳ್ಳುವುದು ಹೆಚ್ಚಿತು. ನಗದು ತಿನ್ನಲು ಆಗದಿದ್ದರೆ ಅಳಿಯನಿಗಾದರೂ ಕೂಲಿ ಸಿಗಲಿ ಎಂದು.

ಆಡಿಟ್ ಎಂದರೆ ಸಾಕೇ? ಆಡಿಟರನಿಗೆ ಸಂಬಳ ಕೊಡುವವರು ಯಾರು ಎಂಬುದೂ ಮುಖ್ಯ. ಗುಜರಾತಿನಲ್ಲಿ ಕಾರ್ಖಾನೆಗಳ ಹೊಗೆ-ನೀರು ಪರೀಕ್ಷಿಸುವ ಆಡಿಟರರನ್ನು ಕಾರ್ಖಾನೆಯವರೇ ಆರಿಸಿ, ಕಾರ್ಖಾನೆಯವರೇ ಹಣ ಕೊಡುತ್ತಿದ್ದರು. ವರದಿಗಳೆಲ್ಲ ಕಾನೂನಿನ ಮಿತಿಗಿಂತ ಕೂದಲೆಳೆಯಷ್ಟು ಕೆಳಗೆ! ಎಸ್ತರ್ ಡುಫ್ಲೋ, ಮೈಕೆಲ್ ಗ್ರೀನ್‌ಸ್ಟೋನ್, ರೋಹಿಣಿ ಪಾಂಡೆ, ನಿಕೋಲಸ್ ರಯಾನ್ ಈ ನಾಲ್ವರು ಅಲ್ಲಿನ ಮಾಲಿನ್ಯ ನಿಯಂತ್ರಣ ಮಂಡಳಿಯ ಜೊತೆ ಸೇರಿ, ಕೆಲವು ಕಾರ್ಖಾನೆಗಳಿಗೆ ಆಡಿಟರರನ್ನು ಚೀಟಿ ಎತ್ತಿ ಕಳಿಸಿದರು. ಸಂಬಳವನ್ನು ಬೇರೆ ಸಾಮೂಹಿಕ ನಿಧಿಯಿಂದ ಕೊಟ್ಟರು. ಅವರು ಅಳೆದದ್ದನ್ನು ಕೆಲವೆಡೆ ಮತ್ತೆ ಅಳೆಸಿದರು. ಆಡಿಟರರು ನಿಜ ಬರೆಯತೊಡಗಿದರು, ಕಾರ್ಖಾನೆಗಳೂ ಮಾಲಿನ್ಯ ಇಳಿಸಿದವು. ಈ ವರದಿ ೨೦೧೩ರದು. ಆಡಿಟರರು ಅವೇ ಮನುಷ್ಯರು ಎಂಬುದನ್ನು ಗಮನಿಸಬೇಕು. ಅವರ ಅನ್ನದ ದಾರಿ ಬೇರೆಯಾಯಿತು, ಅಷ್ಟೇ. ಬ್ರೆಜಿಲ್ ದೇಶ ೨೦೦೩ರಿಂದ ಯಾವ ಪುರಸಭೆಗೆ ಆಡಿಟ್ ಎಂಬುದನ್ನು ಲಾಟರಿಯಲ್ಲಿಯೇ ಎತ್ತುತ್ತ ಬಂತು. ೨೦೦೪ರ ಚುನಾವಣೆಗೆ ಮುಂಚೆ ಯಾರ ಹುಳುಕು ಹೊರಬಿತ್ತೋ ಅವರಲ್ಲಿ ಮತ್ತೆ ಆರಿಸಿಬಂದವರು ಕಡಿಮೆ.

ನಮ್ಮ ಆಂಧ್ರದ ಬಂಧುಗಳಿಗೆ ಹತ್ತಿರದ ಒಂದು ಶೋಧನೆ ಇದೆ. ೨೦೧೦ರಿಂದ ೨೦೧೨ರ ನಡುವೆ, ಅಂದಿನ ಅಖಂಡ ಆಂಧ್ರದ ಎಂಟು ಜಿಲ್ಲೆಗಳಲ್ಲಿ ಉದ್ಯೋಗ ಖಾತರಿಯ ಕೂಲಿ ಮತ್ತು ಪಿಂಚಣಿಯನ್ನು ಬೆರಳಚ್ಚಿನ ಸ್ಮಾರ್ಟ್‌ಕಾರ್ಡ್ ಮೂಲಕ ಊರಲ್ಲೇ ಕೊಡುವ ಏರ್ಪಾಟು ಬಂತು. ಆ ಎಂಟರಲ್ಲಿ ಅನಂತಪುರ, ಕರ್ನೂಲು ಎರಡೂ ಇದ್ದವು. ಅಂದರೆ ರಾಯದುರ್ಗ, ಮಡಕಶಿರಾ, ಅದೋನಿಗಳು ಆಗ ಇದ್ದ ಜಿಲ್ಲೆಗಳೇ. ಯಾವ ಮಂಡಲಕ್ಕೆ ಮೊದಲು, ಯಾವುದಕ್ಕೆ ನಂತರ ಎಂಬುದನ್ನು ಚೀಟಿ ಎತ್ತಿ ಗೊತ್ತುಮಾಡಿದ್ದರಿಂದ ಹೋಲಿಸಿ ನೋಡಲು ಸಾಧ್ಯವಾಯಿತು. ಕಾರ್ತಿಕ್ ಮುರಳೀಧರನ್, ಪಾಲ್ ನೀಹಾಸ್, ಸಂದೀಪ್ ಸುಖ್ತಣಕರ್ ಕಂಡದ್ದಿಷ್ಟು: ಉದ್ಯೋಗ ಖಾತರಿಯಲ್ಲಿ ಸೋರಿಕೆ ನೂರಕ್ಕೆ ೪೧ರಷ್ಟು ಇಳಿಯಿತು. ಕೂಲಿ ಬೇಗ ಬಂತು. ಒಂದು ಸಲ ಹಣ ಪಡೆಯಲು ತಗಲುತ್ತಿದ್ದ ಸಮಯದಲ್ಲಿ ೨೨ ನಿಮಿಷ ಉಳಿಯಿತು. ಸರಕಾರದ ಖರ್ಚು ಹೆಚ್ಚಲಿಲ್ಲ, ಕೂಲಿಕಾರರ ಕೈಗೆ ಬಂದದ್ದು ಹೆಚ್ಚಿತು. ಆದರೆ ಅಲ್ಲಿ ಕಾರ್ಡ್ ಇಲ್ಲದವರಿಗೂ ಹಣ ಕೊಡುತ್ತಿದ್ದರು ಎಂಬುದನ್ನು ಮರೆಯಬಾರದು. ಮುಂದೆ ಇದೇ ಮೂವರು ಝಾರ್ಖಂಡದಲ್ಲಿ ಪಡಿತರಕ್ಕೆ ಬೆರಳಚ್ಚು ಕಡ್ಡಾಯ ಮಾಡಿದ್ದನ್ನು ನೋಡಿದರು. ಅಲ್ಲಿ ಆಧಾರ್ ಜೋಡಣೆಯಾಗದ ಕೆಲವು ಬಡವರಿಗೆ ಅಕ್ಕಿಯೇ ತಪ್ಪಿತ್ತು. ಕಳ್ಳನನ್ನು ಹಿಡಿಯುವ ಬಲೆಯಲ್ಲಿ ಅಜ್ಜಿ ಸಿಕ್ಕಿಕೊಂಡಂತೆ.

ಗಡಿಯ ಮಾತೇ ಬಂದದ್ದರಿಂದ ಇನ್ನೊಂದನ್ನು ಹೇಳಿಬಿಡುತ್ತೇನೆ. ೨೦೦೭ರಲ್ಲಿ ಒರಿಸ್ಸಾ ಸರಕಾರ ಉದ್ಯೋಗ ಖಾತರಿಯ ದಿನಗೂಲಿಯನ್ನು ೫೫ ರೂಪಾಯಿಯಿಂದ ೭೦ಕ್ಕೆ ಏರಿಸಿತು. ನೀಹಾಸ್ ಮತ್ತು ಸುಖ್ತಣಕರ್ ಆಂಧ್ರದ ಗಡಿಯ ಕಡೆಯ ಹಳ್ಳಿಗಳಲ್ಲಿ ಮನೆ ಮನೆ ವಿಚಾರಿಸಿದರು. ಕಾಗದದಲ್ಲಿ ಕೂಲಿ ಏರಿತ್ತು. ಕೂಲಿಕಾರರ ಕೈಗೆ ಆ ಹದಿನೈದು ರೂಪಾಯಿಯಲ್ಲಿ ಏನೂ ತಲುಪಿರಲಿಲ್ಲ.

ಇಷ್ಟೆಲ್ಲ ಓದಿದರೂ ನಮ್ಮ ಹುಡುಗನ ಪ್ರಶ್ನೆ ಹಾಗೇ ಉಳಿಯಿತಲ್ಲ! ಅವನಿಗೆ ಹತ್ತಿರವಾದ ಶೋಧನೆ ಲಿಯೊನಿಡ್ ಪೈಸಾಖಿನ್ ಮತ್ತು ಪಾಲ್ ಪಿಂಟೋ ಅವರದು. ದೆಹಲಿಯ ಕೊಳೆಗೇರಿಯ ಬಡವರು ಪಡಿತರ ಚೀಟಿಗೆ ಅರ್ಜಿ ಹಾಕಿದರು. ಒಂದು ಗುಂಪಿನವರು ಅರ್ಜಿ ಹಾಕಿ ಸುಮ್ಮನೆ ಕುಳಿತರು. ಎರಡನೆಯವರು ಒಂದು ಸೇವಾಸಂಸ್ಥೆಯ ಶಿಫಾರಸು ಪತ್ರ ಹಚ್ಚಿದರು. ಮೂರನೆಯವರು ಲಂಚ ಕೊಟ್ಟರು. ನಾಲ್ಕನೆಯವರು ಸ್ವಲ್ಪ ದಿನ ಬಿಟ್ಟು ಮಾಹಿತಿ ಹಕ್ಕಿನ ಕಾಯ್ದೆಯಲ್ಲಿ “ನನ್ನ ಅರ್ಜಿ ಎಲ್ಲಿದೆ, ಯಾರ ಮೇಜಿನ ಮೇಲಿದೆ?” ಎಂದು ಕೇಳಿದರು. ಲಂಚ ಕೊಟ್ಟವರಿಗೆ ಎಲ್ಲರಿಗಿಂತ ಬೇಗ ಸಿಕ್ಕಿತು, ಅದನ್ನು ಮುಚ್ಚಿಡುವುದು ಬೇಡ. ಮಾಹಿತಿ ಹಕ್ಕಿನವರು ಸ್ವಲ್ಪ ಹಿಂದೆ, ಆದರೆ ಬಹಳ ಹಿಂದಲ್ಲ. ಉಳಿದ ಎರಡು ಗುಂಪುಗಳಲ್ಲಿ ಬಹುಪಾಲಿನವರಿಗೆ ವರ್ಷವಾದರೂ ಚೀಟಿ ಬರಲಿಲ್ಲ. ಹತ್ತು ರೂಪಾಯಿಯ ಅರ್ಜಿ ಶಿಫಾರಸು ಪತ್ರಕ್ಕಿಂತ ಮೇಲಾಯಿತು!

ಈ ಕಾಯ್ದೆ ನಮಗೆ ಮೇಲಿನಿಂದ ಬಿದ್ದದ್ದಲ್ಲ. ರಾಜಸ್ಥಾನದ ಕೂಲಿಕಾರರು ೧೯೯೪ರಲ್ಲಿ ಹಳ್ಳಿಯ ಬಯಲಿನಲ್ಲಿ ಹಾಜರಿ ಪಟ್ಟಿಗಳನ್ನು ಗಟ್ಟಿಯಾಗಿ ಓದಿಸಿದರು. ಕೆಲಸಕ್ಕೆ ಬಾರದವರ ಹೆಸರಿನಲ್ಲಿ ಕೂಲಿ ಎತ್ತಿದ್ದು ಬಯಲಾಯಿತು. ಅಲ್ಲಿಂದ ಅದು ಬೆಳೆಯಿತು. ರಾಜ್ಯಗಳ ಪೈಕಿ ಮೊದಲು ಇಂಥ ಕಾಯ್ದೆ ಮಾಡಿದವು ತಮಿಳುನಾಡು ಮತ್ತು ಗೋವಾ, ೧೯೯೭ರಲ್ಲಿ. ನಮ್ಮ ಓದುಗರಿರುವ ರಾಜ್ಯಗಳೇ ಅವು. ದೇಶಕ್ಕೆಲ್ಲ ಬಂದದ್ದು ೨೦೦೫ರಲ್ಲಿ.

ಕಂಪ್ಯೂಟರಿನಿಂದ ಎಲ್ಲ ಸರಿಹೋಗುತ್ತದೆ ಎಂದು ತಿಳಿದವರಿಗೂ ಒಂದು ಮಾತು. ಕರ್ನಾಟಕದಲ್ಲಿ ‘ಭೂಮಿ’ ಯೋಜನೆ ಬಂದು ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಸೇರಿದವು. ಗ್ರಾಮಲೆಕ್ಕಿಗರ ಹಿಂದೆ ಅಲೆಯುವ ಬದಲು ತಾಲೂಕಿನಲ್ಲಿ ೧೫ ರೂಪಾಯಿ ಕೊಟ್ಟು ಪಹಣಿ ಪಡೆಯುವಂತಾಯಿತು. ದೊಡ್ಡ ಉಪಕಾರ. ನಮ್ಮ ಉತಾರೆ, ಹೊಸೂರಿನವರ ಪಟ್ಟಾ-ಚಿಟ್ಟಾ, ಆಂಧ್ರದವರ ಅಡಂಗಲ್ ಈಗ ಮೊಬೈಲಿನಲ್ಲೇ ನೋಡಬಹುದು. ಆದರೆ ಪ್ರತಿ ತೆಗೆಯುವುದು ಬೇರೆ, ಹೆಸರು ಬದಲಾಯಿಸುವುದು ಬೇರೆ. ಹೆಸರು ಏರಬೇಕಾದರೆ ಒಬ್ಬ ಮನುಷ್ಯ ಒಪ್ಪಬೇಕು. ರಾಬರ್ಟ್ ಕ್ಲಿಟ್‌ಗಾರ್ಡ್ ೧೯೮೮ರ ಪುಸ್ತಕದಲ್ಲಿ ಲಂಚಕ್ಕೆ ಒಂದು ಸೂತ್ರವನ್ನೇ ಬರೆದಿದ್ದಾರೆ: ಏಕಸ್ವಾಮ್ಯ ಕೂಡಿಸು ವಿವೇಚನಾಧಿಕಾರ ಕಳೆ ಉತ್ತರದಾಯಿತ್ವ. ಆ ಕೆಲಸಕ್ಕೆ ಒಬ್ಬನೇ ಇರಬೇಕು, ಮಾಡುವುದು ಬಿಡುವುದು ಆತನ ಮರ್ಜಿಯಾಗಿರಬೇಕು, ಕೇಳುವವರು ಇರಬಾರದು. ಹೊಲದ ನೋಂದಣಿಯ ಮೇಜಿಗೆ ಈ ಸೂತ್ರ ಹೊಂದುವಷ್ಟು ಬೇರೆಲ್ಲಿಯೂ ಹೊಂದಲಾರದು.

ಕಾನೂನಿನ ಮಾತನ್ನೂ ಸಂಕ್ಷೇಪವಾಗಿ ಹೇಳುತ್ತೇನೆ, ಮನೆಯ ಹೆಣ್ಣುಮಕ್ಕಳಿಗೂ ತಿಳಿದಿರಲಿ. ಕೇಂದ್ರ ಸರಕಾರದ ಮುಖ್ಯ ಆರ್ಥಿಕ ಸಲಹೆಗಾರರಾಗಿದ್ದ ಕೌಶಿಕ್ ಬಸು ಅವರು ೨೦೧೧ರಲ್ಲಿ ಒಂದು ಸಲಹೆ ಮಾಡಿದ್ದರು. ತನಗೆ ನ್ಯಾಯವಾಗಿ ಸಿಗಬೇಕಾದದ್ದಕ್ಕೆ ಪೀಡಿಸಿ ಪಡೆದ ಲಂಚದಲ್ಲಿ, ಕೊಟ್ಟವನನ್ನು ಅಪರಾಧಿ ಎನ್ನಬಾರದು, ಆಗ ಆತ ಧೈರ್ಯವಾಗಿ ದೂರು ಕೊಟ್ಟಾನು ಎಂದು. ದೇಶದಲ್ಲಿ ಕೋಲಾಹಲವಾಯಿತು. ೨೦೧೮ರ ತಿದ್ದುಪಡಿಯಲ್ಲಿ ಕೊಡುವುದೂ ಅಪರಾಧವಾಯಿತು. ಆದರೆ ಒತ್ತಾಯಕ್ಕೆ ಕೊಟ್ಟವನು ಏಳು ದಿನದೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಿದರೆ ಅವನಿಗೆ ಆ ಅಪರಾಧ ಅಂಟುವುದಿಲ್ಲ. ಏಳು ದಿನ ಬಹಳ ಕಡಿಮೆಯಾಯಿತು ಎಂದು ನನ್ನ ಅಭಿಪ್ರಾಯ. ಹೊಲದ ಕೆಲಸ ಬಿಟ್ಟು ಜಿಲ್ಲೆಗೆ ಹೋಗಿಬರಬೇಕಾದವನಿಗೆ ಏಳು ದಿನ ಏತಕ್ಕೆ ಸಾಲುತ್ತದೆ? ಇನ್ನು, ಕರ್ನಾಟಕದಲ್ಲಿ ‘ಸಕಾಲ’ ಇದ್ದಂತೆ ಮಹಾರಾಷ್ಟ್ರದಲ್ಲಿಯೂ ೨೦೧೫ರಿಂದ ಲೋಕಸೇವಾ ಹಕ್ಕಿನ ಕಾಯ್ದೆ ಇದೆ. ಗೊತ್ತುಪಡಿಸಿದ ಸೇವೆ ಗೊತ್ತುಪಡಿಸಿದ ದಿನದೊಳಗೆ ಆಗಬೇಕು, ಆಗದಿದ್ದರೆ ಮೇಲ್ಮನವಿ.

ನಾಲ್ಕನೆಯ ದಿನ ಹುಡುಗ ಬಂದ. ಇಷ್ಟನ್ನೂ ಹೇಳಿದೆ. ಕೊಟ್ಟರೆ ಬೇಗ ಆಗುತ್ತದೆ ಎಂಬುದನ್ನೂ ಮುಚ್ಚಲಿಲ್ಲ. ಅವನು ವಿಚಾರ ಮಾಡಿ, “ಅವ್ವನ್ನ ಕೇಳ್ತೀನ್ರಿ ಕಾಕಾ” ಎಂದು ಹೋದ. ವೈನಿಯವರು ಹೇಳಿದ್ದು ಇಷ್ಟು: “ಅವರು ಇದ್ದಾಗ ಈ ಹೊಲದ ಕೂಳಿನ್ಯಾಗ ಯಾರಿಗೂ ಹಿಂಗ ಕೊಟ್ಟಿದ್ದಿಲ್ಲ. ಈ ಸಲ ಬೀಜಕ್ಕ ಬಂಗಾರ ಇಡೋಣಂತ.” ಬಂಗಾರ ಇಡಲು ನಾನು ಬಿಡಲಿಲ್ಲ. ಬೀಜ-ಗೊಬ್ಬರದ ಹಣವನ್ನು ಅಂಗಡಿಯಿಂದ ಕೈಗಡವಾಗಿ ಕೊಟ್ಟಿದ್ದೇನೆ.

ಅರ್ಜಿಗೆ ಪಾವತಿ ತೆಗೆದುಕೊಂಡ. ಮೊದಲ ಸಲ “ಒಂದು ಪ್ರತಿಜ್ಞಾಪತ್ರ ಕಡಿಮೆ” ಎಂದರು. ಕೊಟ್ಟ. ಎರಡನೆಯ ಸಲ “ಆಧಾರಿನಲ್ಲಿ ಅಜ್ಜನ ಹೆಸರಿನ ಅಕ್ಷರ ಬೇರೆ” ಎಂದರು. ಮರಾಠಿಯಲ್ಲಿ ಬರೆದ ನಮ್ಮ ಕನ್ನಡ ಹೆಸರುಗಳ ಪಾಡು ನಿಮಗೆ ಗೊತ್ತೇ ಇದೆ. ಅದೂ ಆಯಿತು. ಅವನ ನಂತರ ಅರ್ಜಿ ಹಾಕಿದ ಪಕ್ಕದ ಹೊಲದವರ ಹೆಸರು ಏರಿಯೂ ಆಗಿದೆ. ಅವರು ಹೇಗೆ ಮಾಡಿಸಿದರೆಂದು ನಾವು ಕೇಳಲಿಲ್ಲ. ಮೊನ್ನೆ ಮಾಹಿತಿ ಹಕ್ಕಿನ ಅರ್ಜಿ ಹೋಗಿದೆ, ಲೋಕಸೇವಾ ಕಾಯ್ದೆಯ ಮೇಲ್ಮನವಿಯೂ ಹೋಗಿದೆ.

ಹುಡುಗ ಒಂದು ಸಣ್ಣ ನೋಟ್‌ಬುಕ್ ಇಟ್ಟಿದ್ದಾನೆ. ನಿನ್ನೆ ತೋರಿಸಿದ. ಪುಟದ ಮೇಲೆ “ದಾರಿ ಖರ್ಚು” ಎಂದು ಬರೆದು, ಕೆಳಗೆ ತಾರೀಖಿನ ಪ್ರಕಾರ ಎಲ್ಲವನ್ನೂ ಇಳಿಸಿದ್ದಾನೆ. ಬಸ್ ಚಾರ್ಜು, ಝೆರಾಕ್ಸು, ಸ್ಟಾಂಪು, ಎರಡು ಕಪ್ ಚಹಾ, ಹೊಲದ ಕೆಲಸ ತಪ್ಪಿದ ದಿನಕ್ಕೆ ಆಳಿನ ಕೂಲಿ. ಕೂಡಿಸಿ ನೋಡಿದೆ. ಆ ಚಹಾ ಅಂಗಡಿಯವನು ಹೇಳಿದ ಮೊತ್ತದ ಅರ್ಧ ದಾಟಿದೆ. ಮೇಲ್ಮನವಿಯ ವಿಚಾರಣೆ ಬರುವ ಹದಿನೆಂಟಕ್ಕೆ. ಈ ಸಲ ನಾನೂ ಜೊತೆಗೆ ಹೋಗುತ್ತೇನೆ.